ಮಗಳಿಗೆ ಹಳೆಯ ಐರಿಷ್ ಹೆಸರು ಇಡಬಹುದೇ? ಅನುಭವಿಗಳ ಉತ್ತರಗಳು

ಪ್ರಶ್ನೆ: ನಾನು ಶಿವಮೊಗ್ಗದವಳು, ನನ್ನ ಪತಿ ಗಾಲ್ವೇ ಕೌಂಟಿಯವರು, ಡಬ್ಲಿನ್‌ನಲ್ಲಿ ನೆಲೆಸಿದ್ದೇವೆ. ಹುಟ್ಟಲಿರುವ ಮಗಳಿಗೆ ಅಪ್ಪಟ ಐರಿಷ್ ಹೆಸರಿಡಬೇಕೆಂಬುದು ನಮ್ಮಿಬ್ಬರ ಆಸೆ. ಅತ್ತೆಯವರು ಡಿಯರ್ಡ್ರಾ, ಗ್ರಾನ್ಯಾ, ನೂಲಾ, ಬ್ರೀಡ್ ಎಂಬ ನಾಲ್ಕು ಹೆಸರುಗಳನ್ನು ಸೂಚಿಸಿದ್ದಾರೆ. ಜೊತೆಯಲ್ಲಿ ಕೆಲಸ ಮಾಡುವ ಗೆಳತಿಯರು ಇವೆಲ್ಲ ಹಳೆಯ ಕಾಲದವು ಎನ್ನುತ್ತಾರೆ. ಅಲ್ಲಿಯೇ ಮಕ್ಕಳನ್ನು ಬೆಳೆಸಿದವರು ದಯವಿಟ್ಟು ತಿಳಿಸಿ.

ಕಾರ್ಕ್‌ನಿಂದ, ಮೂಲತಃ ಮಂಗಳೂರಿನವರು: ಹೆಸರು ಐರಿಷ್ ಎಂಬ ಕಾರಣಕ್ಕೆ ಅದು ಹಳತೆನಿಸುವುದಿಲ್ಲ, ಸದ್ಯ ಆ ಹೆಸರನ್ನು ಇಟ್ಟುಕೊಂಡವರ ವಯಸ್ಸು ಎಷ್ಟು ಎಂಬುದರಿಂದ ಹಾಗೆನಿಸುತ್ತದೆ. ನಾನು ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನರ್ಸ್. ನಮ್ಮ ಕಾರಿಡಾರಿನಲ್ಲಿ ನಡೆದು ಹೋದರೆ ಕೋಣೆಯ ಬಾಗಿಲುಗಳ ಮೇಲೆ ಮೌರೀನ್, ನೊರೀನ್, ಕ್ಯಾಥ್ಲೀನ್, ಐಲೀನ್, ಬ್ರೈಡಿ, ಫಿಲೊಮಿನಾ ಎಂಬ ಚೀಟಿಗಳು ಕಾಣುತ್ತವೆ. ಮಧ್ಯಾಹ್ನ ಮಗಳನ್ನು ಕರೆತರಲು ಶಾಲೆಗೆ ಹೋದರೆ, ಕೋಟು ತೂಗುಹಾಕುವ ಗೂಟಗಳ ಮೇಲೆ ಫೀಯಾ, ಏವಾ, ಸೀರ್ಶಾ, ಸೈವ್, ರೋಶೀನ್ ಎಂದು ಬರೆದಿರುತ್ತದೆ. ಮಕ್ಕಳ ಹೆಸರುಗಳೇ ಅಜ್ಜಿಯರ ಹೆಸರುಗಳಿಗಿಂತ ಹೆಚ್ಚು ಐರಿಷ್ ಆಗಿವೆ ಎಂಬುದನ್ನು ಗಮನಿಸಿ. ಮೌರೀನ್, ನೊರೀನ್, ಐಲೀನ್ ಇವೆಲ್ಲ ಇಂಗ್ಲಿಷ್ ಕಾಗುಣಿತಕ್ಕೆ ಒಗ್ಗಿಸಿದ ರೂಪಗಳು. ಇಂದಿನ ತಾಯಂದಿರಾದರೋ ಐರಿಷ್ ಕಾಗುಣಿತವನ್ನೇ ಉಳಿಸಿಕೊಂಡು, ಅದನ್ನು ಹೆಮ್ಮೆಯಿಂದ ನೋಂದಾಯಿಸುತ್ತಾರೆ.

ಐರ್ಲೆಂಡಿನ ಕೇಂದ್ರ ಅಂಕಿಅಂಶ ಕಚೇರಿಯ ಪಟ್ಟಿಯೂ ಇದನ್ನೇ ಹೇಳುತ್ತದೆ. 1960ರ ದಶಕದ ನಡುವಿನಲ್ಲಿ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮೇರಿ ಮೊದಲನೆಯದಾಗಿತ್ತು. 2021ರಲ್ಲಿ ಆ ಸ್ಥಾನಕ್ಕೆ ಫೀಯಾ ಬಂದಿತು. ಹಾಗೆಂದು ಫೀಯಾ ಪುರಾತನ ಹೆಸರೆಂದು ಭಾವಿಸಬೇಡಿ. ಹಿಂದಿನ ತಲೆಮಾರಿನಲ್ಲಿ ಅದು ಕಿವಿಗೆ ಬೀಳುತ್ತಿದ್ದುದೇ ಅಪರೂಪ. ಸೀರ್ಶಾ ಕೂಡ ಸ್ವಾತಂತ್ರ್ಯದ ಹಂಬಲದೊಂದಿಗೆ 20ನೆಯ ಶತಮಾನದಲ್ಲಿ ಬಳಕೆಗೆ ಬಂದ ಹೆಸರು. ಸಾವಿರ ವರ್ಷದ ಕಥೆಗಳಲ್ಲಿ ಬರುವ ಡಿಯರ್ಡ್ರಾ ಮಾತ್ರ ಇಂದು ಐವತ್ತು ಅರವತ್ತು ದಾಟಿದ ಚಿಕ್ಕಮ್ಮಂದಿರ ಹೆಸರಾಗಿ ಕೇಳಿಸುತ್ತದೆ. ನಮ್ಮಲ್ಲಿಯೂ ಈಗ ಯಾರೂ ಮಗುವಿಗೆ ಸರೋಜಾ, ವಿಮಲಾ ಎಂದು ಇಡುವುದಿಲ್ಲವಷ್ಟೆ. ಆದರೆ ಅವರಿಗಿಂತ ಹಿಂದಿನ ಜಾನಕಿ, ಗೌರಿ, ವೈದೇಹಿಯರು ತೊಟ್ಟಿಲಿಗೆ ಮರಳಿದ್ದಾರೆ. ಕಾನಾಕ್ಟ್‌ನ ಪೌರಾಣಿಕ ರಾಣಿ ಮೇವ್‌ಳ ಹೆಸರು ಇಲ್ಲಿ ಮರಳಿ ಬಂದಿರುವುದೂ ಹಾಗೆಯೇ.

ನಿಮ್ಮ ಅತ್ತೆಯವರ ನಾಲ್ಕು ಹೆಸರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಡಿಯರ್ಡ್ರಾಳನ್ನು ನಾನಾದರೆ ಬಿಟ್ಟುಬಿಡುತ್ತೇನೆ. ಅದು ಒಂದೇ ತಲೆಮಾರಿಗೆ ಅಂಟಿಕೊಂಡಿದೆ, ಮೇಲಾಗಿ ಆಕೆಯ ಕಥೆ ಆದ್ಯಂತ ಶೋಕದ್ದು. ಗ್ರಾನ್ಯಾ ನಿಮ್ಮ ಪತಿಯ ಕಡೆಯ ಕಡಲತೀರಕ್ಕೆ ಸಲ್ಲುವ ಹೆಸರು. ಪಶ್ಚಿಮ ಕರಾವಳಿಯಲ್ಲಿ ಹಡಗುಪಡೆಯನ್ನು ಆಳಿದ ಗ್ರಾನ್ಯಾ ನಿ ವಾಲ್ಯಾ, 1593ರಲ್ಲಿ ಇಂಗ್ಲೆಂಡಿಗೆ ಹೋಗಿ ಒಂದನೆಯ ಎಲಿಜಬೆತ್ ರಾಣಿಯನ್ನು ಮುಖಾಮುಖಿ ಕಂಡು ತನ್ನವರ ಬಿಡುಗಡೆಗಾಗಿ ಮಾತನಾಡಿದವಳು. ಅಂಥವಳ ಹೆಸರು ಹಳತಾಯಿತೆಂದು ನನಗೆ ಯಾವತ್ತೂ ಅನಿಸಿಲ್ಲ.

ಬ್ರೀಡ್ ವಿಷಯ ಸ್ವಲ್ಪ ಸೂಕ್ಷ್ಮವಾದುದು. ಕಿಲ್ಡೇರ್‌ನ ಸಂತ ಬ್ರಿಜಿಡ್‌ಳಿಂದ ಬಂದ ಈ ಹೆಸರು ಒಂದು ಕಾಲದಲ್ಲಿ ಮನೆಮನೆಯಲ್ಲೂ ಇತ್ತು. 19ನೆಯ ಶತಮಾನದಲ್ಲಿ ಅಮೆರಿಕಕ್ಕೆ ಮನೆಗೆಲಸಕ್ಕೆ ಹೋದ ಐರಿಷ್ ಹುಡುಗಿಯರನ್ನು ಅಲ್ಲಿನವರು ಒಟ್ಟಾಗಿ ‘ಬಿಡ್ಡಿ’ ಎಂದು ಹೀಗಳೆದು ಕರೆಯತೊಡಗಿದ ಮೇಲೆ, ಎಷ್ಟೋ ಮಂದಿ ಆ ಹೆಸರನ್ನೇ ಬಿಟ್ಟು ಬೇರೆ ಹೆಸರು ಇಟ್ಟುಕೊಂಡರು. ಆ ಕಹಿ ಈಗ ಕರಗುತ್ತಿದೆ. 2023ರಿಂದ ಫೆಬ್ರವರಿಯ ಆರಂಭದಲ್ಲಿ ಸಂತ ಬ್ರಿಜಿಡ್‌ಳ ಹೆಸರಿನಲ್ಲಿ ಸರ್ಕಾರಿ ರಜೆ ಇದೆ. ಮಕ್ಕಳು ಶಾಲೆಯಲ್ಲಿ ಜೊಂಡು ಹುಲ್ಲಿನಿಂದ ಆಕೆಯ ಶಿಲುಬೆ ಹೆಣೆದು ಮನೆಗೆ ತರುತ್ತಾರೆ. ಈ ಹೆಸರನ್ನು ಇಂದು ಇಡುವುದರಲ್ಲಿ ಒಂದು ನ್ಯಾಯವಿದೆ ಎಂದೇ ನನ್ನ ನಂಬಿಕೆ.

ನೂಲಾ ಎಂಬುದು ಫಿನೂಲಾ ಎಂಬ ಹೆಸರಿನ ಮೊಟಕು ರೂಪ. ಮಲತಾಯಿಯ ಶಾಪದಿಂದ ಹಂಸವಾಗಿ, ತಮ್ಮಂದಿರನ್ನು ರೆಕ್ಕೆಯಡಿ ಕಾಪಾಡುತ್ತ 900 ವರ್ಷ ನೀರಿನ ಮೇಲೆ ಕಳೆದ ಲಿರ್ ರಾಜನ ಮಗಳು ಅವಳು. ಚಿಕ್ಕದು, ಮೃದುವಾದುದು, ಈಗ ತರಗತಿಗಳಲ್ಲಿ ಅಪರೂಪವಾದುದು. ನಾಲ್ಕರಲ್ಲಿ ನನ್ನ ಆಯ್ಕೆ ಇದೇ.

ಲಿಮರಿಕ್‌ನಿಂದ, ಧಾರವಾಡದವರು: ಮೇಲಿನ ಸಹೋದರಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಹೆಸರಿನ ವಯಸ್ಸಿಗಿಂತ ಅದರ ಕಾಗುಣಿತವೇ ಮಗುವಿನ ಬದುಕಿನಲ್ಲಿ ಹೆಚ್ಚು ಎದುರಾಗುತ್ತದೆ ಎಂದು ಸೇರಿಸಬೇಕಾಗಿದೆ. ಸೈವ್ ಎಂಬ ಹೆಸರನ್ನು ಎಸ್, ಎ, ಡಿ, ಎಚ್, ಬಿ, ಎಚ್ ಎಂದು ಬರೆಯುತ್ತಾರೆ. ಅದನ್ನು ನೋಡಿ ಧಾರವಾಡದಲ್ಲಿ ನನ್ನ ಅಣ್ಣ ಫೋನಿನಲ್ಲಿ ‘ಸಧಭ’ ಎಂದು ಓದಿದ. ಅದೇ ದಿನ ನಾವು ಆ ಹೆಸರನ್ನು ಕೈಬಿಟ್ಟು, ಆನ್ಯಾ ಎಂದು ನಿಶ್ಚಯಿಸಿದೆವು. ಆನ್ಯಾ ನಮ್ಮ ಕೌಂಟಿಯ ನಾಕ್‌ಏನಿ ಗುಡ್ಡದೊಂದಿಗೆ ಬೆಸೆದುಕೊಂಡಿರುವ ದೇವತೆ. ನನ್ನ ತಾಯಿಗಾದರೆ ಅದು ಕಲಿಸದೆಯೇ ಬಾಯಿಗೆ ಬಂದ ಹೆಸರು. ನಮ್ಮ ಪಟ್ಟಿಯಲ್ಲಿ ಶೀಲಾ ಕೂಡ ಇತ್ತು, ಏಕೆಂದರೆ ಐರಿಷ್‌ನ ಶೀಲಾ ನಮ್ಮ ಶೀಲಾಳಂತೆಯೇ ಕೇಳಿಸುತ್ತದೆ. ಆದರೆ ಅದು ಎರಡೂ ದೇಶಗಳಲ್ಲಿ ಒಂದೇ ಪ್ರಾಯದ ಹೆಂಗಸರ ಹೆಸರು ಎಂದು ಹೆಂಡತಿ ಬೇಡವೆಂದಳು.

ಸ್ವರದ ಮೇಲಿನ ಓರೆಗೆರೆಯನ್ನು, ಅಂದರೆ ಫಾದಾವನ್ನು, ಜನನ ನೋಂದಣಿಯಲ್ಲಿಯೇ ಸರಿಯಾಗಿ ಬರೆಸಿರಿ. ಮಗು ಹುಟ್ಟಿದ ಮೂರು ತಿಂಗಳೊಳಗೆ ನೋಂದಣಿ ಆಗಬೇಕು, ಸಹಿ ಹಾಕುವ ಮೊದಲು ಪ್ರತಿಯೊಂದು ಅಕ್ಷರವನ್ನೂ ಓದಿರಿ. ಪಾಸ್‌ಪೋರ್ಟಿನ ತಳದಲ್ಲಿ ಯಂತ್ರ ಓದುವ ಸಾಲುಗಳಲ್ಲಿ ಫಾದಾ ಬರುವುದಿಲ್ಲ. ಅದು ನಿಯಮದಂತೆಯೇ ಇರುವುದರಿಂದ ಗಾಬರಿಪಡಬೇಕಿಲ್ಲ.

ಗಾಲ್ವೇಯಿಂದ, ಮೈಸೂರಿನವರು: ಅತ್ತೆಯವರು ಸೂಚಿಸಿದ ಹೆಸರುಗಳು ಯಾರ ಹೆಸರುಗಳೆಂದು ಅವರನ್ನೇ ಕೇಳಿದಿರಾ? ಇಲ್ಲಿನ ಹಳೆಯ ಮನೆತನಗಳಲ್ಲಿ ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರನ್ನೂ ಎರಡನೆಯವಳಿಗೆ ತಂದೆಯ ತಾಯಿಯ ಹೆಸರನ್ನೂ ಇಡುವ ವಾಡಿಕೆಯಿತ್ತು. ಆದ್ದರಿಂದ ಆ ನಾಲ್ಕರಲ್ಲಿ ಒಂದಾದರೂ ಅವರ ತಾಯಿಯದೋ ಅಕ್ಕನದೋ ಆಗಿರುವ ಸಾಧ್ಯತೆಯಿದೆ. ಹಾಗಿದ್ದರೆ ಅದನ್ನೇ ಆರಿಸಿಕೊಳ್ಳಿ, ಗೆಳತಿಯರ ಅಭಿಪ್ರಾಯಕ್ಕಿಂತ ಅದರ ತೂಕ ಹೆಚ್ಚು. ಇನ್ನು ಆ ವಾಡಿಕೆಯನ್ನು ಅಕ್ಷರಶಃ ಪಾಲಿಸುವುದಾದರೆ ಮೊದಲ ಮಗಳ ಮೇಲಿನ ಹಕ್ಕು ಶಿವಮೊಗ್ಗದಲ್ಲಿರುವ ನಿಮ್ಮ ತಾಯಿಯವರದು. ನೂಲಾ ಎಂಬುದರ ಮುಂದೆ ಅವರ ಹೆಸರನ್ನು ಎರಡನೆಯ ಹೆಸರಾಗಿ ಬರೆಸಿದರೆ, ಅತ್ತೆಯವರು ಖಂಡಿತ ಬೇಡವೆನ್ನಲಾರರು.