ದೊಡ್ಡವನಿಗೆ ಸ್ಕಿಜೋಫ್ರೀನಿಯಾ, ಚಿಕ್ಕವನಿಗೆ ಈಗಲೇ ಮೆದುಳಿನ ಸ್ಕ್ಯಾನ್ ಮಾಡಿಸಲಾ?

ಕುವೆಂಪುನಗರದ ಅಪ್ಪ: ದೊಡ್ಡ ಮಗ ಇಂಜಿನಿಯರಿಂಗ್ ಓದುವಾಗ ರೂಮಿನ ಕಿಟಕಿಗೆಲ್ಲ ನ್ಯೂಸ್‌ಪೇಪರ್ ಅಂಟಿಸಿಕೊಂಡು ಕೂರುತ್ತಿದ್ದ. ಎದುರು ಮನೆಯವರು ನನ್ನ ಮಾತು ಕದ್ದು ಕೇಳುತ್ತಾರೆ ಅನ್ನುತ್ತಿದ್ದ. ಪರೀಕ್ಷೆ ಟೆನ್ಶನ್ ಅಂತ ನೆಂಟರೆಲ್ಲ ಹೇಳಿದರು. ಸ್ಕಿಜೋಫ್ರೀನಿಯಾ ಅಂತ ಗೊತ್ತಾಗುವಷ್ಟರಲ್ಲಿ ಒಂದು ವರ್ಷ ಹೋಗಿತ್ತು. ಈಗ ಮಾತ್ರೆಯಲ್ಲಿ ಚೆನ್ನಾಗಿದ್ದಾನೆ. ಚಿಕ್ಕವನು ಸೆಕೆಂಡ್ ಪಿಯುಸಿ. ನಿಮ್ಹಾನ್ಸ್‌ನ ಎಂಆರ್‌ಐಗಳನ್ನು ಇಟ್ಟುಕೊಂಡು ಕೆನಡಾದ ಆಲ್ಬರ್ಟಾ ಯೂನಿವರ್ಸಿಟಿಯವರು ಈ ಕಾಯಿಲೆ ಗುರುತಿಸುವ ಕಂಪ್ಯೂಟರ್ ಪ್ರೋಗ್ರಾಂ ಮಾಡಿದ್ದಾರಂತೆ. ಶೇ. 87ರಷ್ಟು ಸರಿ ಹೇಳುತ್ತದಂತೆ. ಚಿಕ್ಕವನಿಗೂ ಮಾಡಿಸಿಬಿಡಲಾ?

ಪಾಂಡವಪುರದ ಹುಡುಗ: ಮಾಡಿಸಿ ಸರ್. ಮೊದಲೇ ಗೊತ್ತಾದರೆ ಒಳ್ಳೆಯದೇ ಅಲ್ವಾ? ಇದರಲ್ಲಿ ಯೋಚನೆ ಮಾಡುವುದೇನಿದೆ?

ಸ್ಕ್ಯಾನ್ ರೂಮ್: ಮೈಸೂರಲ್ಲೇ ಎಂಆರ್‌ಐ ಟೆಕ್ನಿಷಿಯನ್ ನಾನು. ಅವರು ನೋಡಿದ್ದು ಎಫ್‌ಎಂಆರ್‌ಐ. ಸುಮ್ನೆ ಮಲಗಿಸಿ, ಮೆದುಳಿನ ಯಾವ್ಯಾವ ಭಾಗದಲ್ಲಿ ರಕ್ತದ ಆಮ್ಲಜನಕ ಒಟ್ಟೊಟ್ಟಿಗೆ ಏರಿ ಇಳಿಯುತ್ತದೆ ಅಂತ ನೋಡುತ್ತಾರೆ. ತಲೆ ಸ್ವಲ್ಪ ಅಲುಗಾಡಿದರೂ ಲೆಕ್ಕ ಕೆಡುತ್ತದೆ. ನಾವು ದಿನಾ ಮಾಡುವ ಎಂಆರ್‌ಐ ಬೇರೆ. ಅದು ಗೆಡ್ಡೆ, ಸೋಂಕು, ರಕ್ತಸ್ರಾವ ಇದೆಯಾ ಅಂತ ನೋಡುವುದಕ್ಕೆ. ಮೊದಲ ಸಲ ಭ್ರಮೆ ಶುರುವಾದವರನ್ನು ಡಾಕ್ಟರು ನಮ್ಮ ಹತ್ತಿರ ಕಳಿಸುವುದೂ ಅದಕ್ಕೇ. ಎಷ್ಟೋ ಸಲ ರಿಪೋರ್ಟ್ ನಾರ್ಮಲ್ ಬರುತ್ತದೆ. ಆಗ ಮನೆಯವರು ಕಾರಿಡಾರಲ್ಲೇ ಶುರು ಮಾಡುತ್ತಾರೆ: ನೋಡು, ಏನೂ ಇಲ್ಲ, ಎಲ್ಲಾ ನಾಟಕ ನಿಂದು! ಕಾಯಿಲೆ ಗೊತ್ತಾಗುವುದು ಡಾಕ್ಟರು ಕೂತು ಮಾತಾಡಿಸಿದಾಗಲೇ.

ಪಾಂಡವಪುರದ ಹುಡುಗ: ಆದರೂ 87 ಕಮ್ಮೀನಾ ಗುರು?

ಮಂಡ್ಯ ಸ್ಟ್ಯಾಟ್ಸ್ ಮಿಸ್: ಆ 87 ಎಲ್ಲಿಂದ ಬಂತು ನೋಡಪ್ಪ. ಕಾಯಿಲೆ ಇದೆ ಅಂತ ಮೊದಲೇ ಗೊತ್ತಿದ್ದ, ಇನ್ನೂ ಮಾತ್ರೆ ಶುರು ಮಾಡದ 81 ಜನ. ಕಾಯಿಲೆ ಇಲ್ಲದ 93 ಜನ. ಹೆಚ್ಚುಕಮ್ಮಿ ಅರ್ಧಕ್ಕರ್ಧ. ಊರಲ್ಲಿ ಹಾಗಿರುತ್ತದಾ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 300 ಜನಕ್ಕೆ ಒಬ್ಬರು ಅಂತ. 3000 ಜನರನ್ನು ಸ್ಕ್ಯಾನ್ ಮಾಡಿಸಿದರೆ ಕಾಯಿಲೆ ಇರುವವರು 10. ಎರಡೂ ಕಡೆ ನೂರಕ್ಕೆ 13 ತಪ್ಪಾಗುತ್ತದೆ ಅಂತಿಟ್ಟುಕೊಂಡರೆ ಆ ಹತ್ತರಲ್ಲಿ ಒಂಬತ್ತು ಜನ ಸಿಗಬಹುದು. ಜೊತೆಗೆ ಏನೂ ಇಲ್ಲದ ಸುಮಾರು 390 ಜನರ ಮೇಲೂ ಗುಮಾನಿ ಬೀಳುತ್ತದೆ.

ಪಾಂಡವಪುರದ ಹುಡುಗ: ಮಿಸ್, ಇವರ ಮಗ ದಾರಿಯಲ್ಲಿ ಹೋಗುವವನಲ್ಲ. ಒಡಹುಟ್ಟಿದ ಅಣ್ಣನಿಗೇ ಇದೆ. ಅಂಥವರಿಗೆ ನೂರಕ್ಕೆ ಹತ್ತರ ಹತ್ತಿರ ಅಂತಾರೆ. ನಿಮ್ಮ ಲೆಕ್ಕ ಇಲ್ಲಿ ನಡೆಯಲ್ಲ.

ಮಂಡ್ಯ ಸ್ಟ್ಯಾಟ್ಸ್ ಮಿಸ್: ಒಳ್ಳೇ ಪ್ರಶ್ನೆ, ಮಾಡೋಣ. ಅಂಥ 100 ತಮ್ಮಂದಿರಲ್ಲಿ ಸುಮಾರು 21 ಜನಕ್ಕೆ ಯಂತ್ರ ‘ಇದೆ’ ಅನ್ನುತ್ತದೆ. ಅದರಲ್ಲಿ 12 ತಪ್ಪು. ಅದೂ ಯಂತ್ರಕ್ಕೆ ಮುಂದೆ ಬರುವುದು ಕಾಣುತ್ತದೆ ಅಂತ ಒಪ್ಪಿಕೊಂಡರೆ. ರೋಗಿಗಳ ಒಡಹುಟ್ಟಿದವರು, ಮಕ್ಕಳು ಅಂತ 57 ಜನರ ಮೇಲೂ ಅದನ್ನು ಪ್ರಯೋಗ ಮಾಡಿದರು. ಈ ಕಾಯಿಲೆಯನ್ನು ಸ್ವಲ್ಪ ಹೋಲುವ ಸ್ವಭಾವ ಇದೆಯಾ ಅಂತ ಕೇಳುವ ಪ್ರಶ್ನೆಪಟ್ಟಿಯಲ್ಲಿ ಜಾಸ್ತಿ ಅಂಕ ಬಂದ 14 ಜನರನ್ನು ಅದು ಗುರುತಿಸಿತು. ಆ ಪ್ರಶ್ನೆಗಳಿಗೆ ಉತ್ತರ ಬರೆದವರು ಅವರೇ. ಅಂಕ ಜಾಸ್ತಿ ಬಂದವರಿಗೆಲ್ಲ ಕಾಯಿಲೆ ಬರುತ್ತದೆ ಅಂತೇನಿಲ್ಲ.

ಶ್ರೀರಂಗಪಟ್ಟಣದ ಅಕ್ಕ: ಈ ಕಾಯಿಲೆ ನನಗೇ ಇದೆ, ಅದಕ್ಕೆ ಹೇಳುತ್ತೀನಿ. ‘ಬರಬಹುದು’ ಅನ್ನುವ ಹಾಳೆಯೊಂದು ಮನೆಗೆ ಬಂದರೆ ಸಾಕು. ಹುಡುಗ ಬಾಗಿಲು ಜೋರಾಗಿ ಹಾಕಿದರೂ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ನಾಳೆ ಹೆಣ್ಣು ನೋಡಲು ಹೋದಾಗ ಯಾವನೋ ನೆಂಟ ಅದನ್ನೇ ಊದುತ್ತಾನೆ. ಅಣ್ಣಾ, ಅವನನ್ನು ಒಂದು ಮಾತು ಕೇಳಿದಿರಾ?

ಕುವೆಂಪುನಗರದ ಅಪ್ಪ: ಇನ್ನೂ ಇಲ್ಲಮ್ಮ. ಹಾಗಂತ ಕೈಕಟ್ಟಿ ಕೂರುವುದಾ?

ಶ್ರೀರಂಗಪಟ್ಟಣದ ಅಕ್ಕ: ಯಾಕೆ ಕೂರಬೇಕು? ನಿದ್ದೆ ತಲೆಕೆಳಗಾದರೆ, ಗೆಳೆಯರನ್ನು ಬಿಟ್ಟು ಒಬ್ಬನೇ ಇರತೊಡಗಿದರೆ, ಓದು ಇದ್ದಕ್ಕಿದ್ದಂತೆ ಕುಸಿದರೆ, ಎಲ್ಲರ ಮೇಲೂ ಗುಮಾನಿ ಶುರುವಾದರೆ ಅವತ್ತೇ ಮನೋವೈದ್ಯರ ಹತ್ತಿರ ಹೋಗಿ. ಹೊರಡುವುದಕ್ಕೆ ಹಿಂಜರಿಕೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಗಾಂಜಾ ಅಂತೂ ಹತ್ತಿರ ಸೇರಿಸಬಾರದು. ಇಂಥ ಮನೆಯ ಹುಡುಗರಿಗೆ ಅದು ಇನ್ನೂ ಅಪಾಯ.

ಪಾಂಡವಪುರದ ಹುಡುಗ: ಎಲ್ಲರೂ ಬೇಡ ಬೇಡ ಅಂದರೆ ಆ ಪ್ರೋಗ್ರಾಂ ಕಲಿಯುವುದು ಯಾರ ಸ್ಕ್ಯಾನ್ ನೋಡಿ? ನಾನಂತೂ ಕೊಡುತ್ತೀನಪ್ಪ.

ಸ್ಕ್ಯಾನ್ ರೂಮ್: ಸಂಶೋಧನೆಗೆ ಸೇರಿದರೆ ಅದು ಬೇರೆ ಮಾತು. 18 ತುಂಬಲಿ, ಓದಿ ನೋಡಿ ಅವನೇ ಸಹಿ ಹಾಕಲಿ. ಸಾವಿರಾರು ರೂಪಾಯಿ ಕೊಟ್ಟು ನಮ್ಮಂಥ ಸೆಂಟರಿಗೆ ಕರಕೊಂಡು ಬರಬೇಡಿ, ಸರ್. ನಾರ್ಮಲ್ ಅಂತ ಬರೆದು ಕಳಿಸುತ್ತೇವೆ, ಅಷ್ಟೇ.

ಕುವೆಂಪುನಗರದ ಅಪ್ಪ: ಚಿಕ್ಕವನಿಗೆ ಇದನ್ನೆಲ್ಲ ಓದಿಸಿದೆ. ಈಗ ಸ್ಕ್ಯಾನ್ ಬೇಡ ಅಂದ. ಮುಂದಿನ ಸಲ ಅಣ್ಣನ ಡಾಕ್ಟರ ಹತ್ತಿರ ತಾನೂ ಬರುತ್ತಾನಂತೆ, ಕೇಳುವುದು ಬೇಕಾದಷ್ಟಿದೆಯಂತೆ. ಪಾಂಡವಪುರದವರೇ, ಸಂಶೋಧನೆಗೆ ಕೊಡುವ ನಿಮ್ಮ ಮಾತು ಅವನಿಗೆ ಹಿಡಿಸಿದೆ. ಪರೀಕ್ಷೆ ಮುಗಿಯಲಿ, ನೋಡೋಣ ಅಂದ.