ಪದಚರ್ಚೆ: ಮೈಕಿಲ್ಲದ ಮೈಕಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಈಚಿನ ಜನಚಳವಳಿಗಳ ಬಗ್ಗೆ ಒಂದು ಇಂಗ್ಲಿಷ್ ಆಡಿಯೊ ಪುಸ್ತಕ ಕೇಳುತ್ತಿದ್ದೇನೆ, ಬೆಳಗಿನ ವಾಕಿಂಗ್‌ನಲ್ಲಿ. ಮೊನ್ನೆ ಓದುತ್ತಿದ್ದವರು ನಡುವೆ ಇದ್ದಕ್ಕಿದ್ದ ಹಾಗೆ 'ಮೈಕ್ ಚೆಕ್' ಅಂದರು. ರೆಕಾರ್ಡಿಂಗ್‌ನಲ್ಲಿ ಕತ್ತರಿಸೋಕೆ ಮರೆತಿದ್ದಾರೆ ಅಂತ ನಕ್ಕುಬಿಟ್ಟೆ. ಹಿಂದಕ್ಕೆ ಹೋಗಿ ಕೇಳಿದರೆ ಅದು ಪುಸ್ತಕದ್ದೇ ಮಾತು.

2011ರ ಸೆಪ್ಟೆಂಬರ್ 17ಕ್ಕೆ ನ್ಯೂಯಾರ್ಕ್‌ನಲ್ಲಿ ಆರ್ಥಿಕ ಅಸಮಾನತೆಯ ವಿರುದ್ಧ 'ಆಕ್ಯುಪೈ ವಾಲ್ ಸ್ಟ್ರೀಟ್' ಚಳವಳಿ ಶುರುವಾಯಿತಲ್ಲ, ಆಗಿನ ಸಂಗತಿ. ಜುಕೋಟಿ ಪಾರ್ಕಿನಲ್ಲಿ ಬೀಡುಬಿಟ್ಟಿದ್ದವರು ಅನುಮತಿ ಇಲ್ಲದೆ ಮೈಕು ಹಾಕುವಂತಿರಲಿಲ್ಲ. ಅದಕ್ಕೇ ಮಾತಾಡುವವರು 'ಮೈಕ್ ಚೆಕ್' ಎಂದು ಕೂಗುತ್ತಿದ್ದರು, ಹತ್ತಿರದವರು ಅದನ್ನೇ ತಿರುಗಿ ಕೂಗುತ್ತಿದ್ದರು. ಆಮೇಲೆ ಮೂರು ನಾಲ್ಕು ಪದ ಹೇಳಿ ನಿಲ್ಲಿಸುವುದು, ಸುತ್ತಲಿನವರು ಅಷ್ಟನ್ನೇ ಒಟ್ಟಿಗೆ ಹೇಳುವುದು. ಗುಂಪು ದೊಡ್ಡದಿದ್ದರೆ ಹಿಂದಿನವರಿಂದ ಇನ್ನೊಂದು ಸುತ್ತು. ಇಂಗ್ಲಿಷಿನಲ್ಲಿ ಇದು 'ಹ್ಯೂಮನ್ ಮೈಕ್ರೊಫೋನ್'. ನಮ್ಮಲ್ಲಿ?

'ಮಾನವ ಧ್ವನಿವರ್ಧಕ' ಬೇಡ, ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಪೊಲೀಸರು ಬಂದಿರುತ್ತಾರೆ. 'ಘೋಷಣೆ'ಯೂ ಅಲ್ಲ. ಒಬ್ಬರು 'ಬೇಕೇ ಬೇಕು' ಅಂದರೆ ಉಳಿದವರು 'ನ್ಯಾಯ ಬೇಕು' ಅನ್ನುತ್ತೇವೆ, ಅದು ಉತ್ತರ. ಇಲ್ಲಿ ತಾವು ಒಪ್ಪದ ಮಾತನ್ನೂ ಹಾಗೇ ಹೇಳಬೇಕು. ಮಗ್ಗಿ ಹೇಳಿಕೊಡುವುದು ಹತ್ತಿರ ಬರುತ್ತದೆ, ಆದರೆ ಅದು ಕಲಿಯೋಕೆ. 'ಬಾಯಿಂದ ಬಾಯಿಗೆ' ಅಂದರೆ ಸುದ್ದಿಗೆ ಬಾಲ ಬೆಳೆದ ಹಾಗೆ ಕೇಳಿಸುತ್ತದೆ.

ಮನೆಗೆ ತಾರಸಿ ಹಾಕುವ ದಿನ ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿ ದಾಟಿಸುತ್ತಾರಲ್ವಾ? ಚೆಲ್ಲಬಾರದು, ನಿಲ್ಲಲೂ ಬಾರದು. ಅದನ್ನು ನೆನೆದು 'ದನಿ ದಾಟಿಸು' ಅಂದುಕೊಂಡೆ. 'ಸ್ವಲ್ಪ ದನಿ ದಾಟಿಸ್ರಪ್ಪ, ಹಿಂದಿನೋರಿಗೆ ಕೇಳ್ತಿಲ್ಲ.' ಕ್ರಿಯಾಪದವಾಗಿ ಕೂರುತ್ತದೆ. ನಾಮಪದ ಮಾತ್ರ ಸಿಗುತ್ತಿಲ್ಲ. 'ದನಿದಾಟು' ಅಂದರೆ ಸುಮ್ನೆ ಹೊಸೆದ ಹಾಗಿದೆ. ನಿಮ್ಮ ಕಡೆ ಜಾತ್ರೆಯಲ್ಲೋ ಗದ್ದೆಯಲ್ಲೋ ಹೀಗೆ ಕೂಗು ದಾಟಿಸುವುದಕ್ಕೆ ಹೆಸರಿದೆಯಾ?

ಇನ್ನೊಂದು ತೊಡಕು. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. 'ನಾವು ನಾಳೆ ಬೆಳಿಗ್ಗೆ', 'ಈ ಪಾರ್ಕ್ ಬಿಟ್ಟು', 'ಹೋಗುವುದಿಲ್ಲ' ಎಂದು ತುಂಡು ಮಾಡಿದರೆ, ಮೂರನೇ ತುಂಡು ಬರುವಷ್ಟರಲ್ಲಿ ಹಿಂದಿನ ಸಾಲಿನವರು ಚಾಪೆ ಸುತ್ತಿರುತ್ತಾರೆ! ಆಡುಮಾತಿನಲ್ಲಾದರೆ 'ಹೋಗಲ್ಲ ನಾವು, ಈ ಪಾರ್ಕ್ ಬಿಟ್ಟು' ಅಂತ ತಿರುಗಿಸಿ ಹೇಳುವುದು ಉಂಟು. ದೂರಕ್ಕೆ ಕೂಗುವಾಗ ಹೀಗೆ ತಿರುಗಿಸುವುದು ಜಾಸ್ತಿಯೇ ಅಂತ ನನ್ನ ಗುಮಾನಿ. ಗಮನಿಸಿದವರು ಒಂದೆರಡು ಉದಾಹರಣೆ ಕೊಡ್ತೀರಾ?