ಆರ್‌ಎಂಡಿರ್ ಒಪ್ಪುತ್ತಿಲ್ಲ, ಆರ್‌ಎಂ -ಆರ್‌ಎಫ್ ಕೊಟ್ಟುಬಿಡಲೇ?

ಧ್ವನಿಸಂಗ್ರಹ (ಪ್ರಶ್ನೆ)

ಲಿನಕ್ಸ್ ಲ್ಯಾಪ್‌ಟಾಪ್, 256 ಜಿಬಿ ಎಸ್‌ಎಸ್‌ಡಿ. ಮೂರು ದಿನದಿಂದ ಡಿಸ್ಕ್ ತುಂಬಿದೆ ಎಂಬ ಎಚ್ಚರಿಕೆ ಬರುತ್ತಿದೆ. ನಿನ್ನೆ ಫೈಲ್ ಸೇವ್ ಆಗದೆ ಅರ್ಧ ದಿನದ ಬರವಣಿಗೆ ಹೋಯಿತು. ನಾನು ಭಾಷಾ ಸಂಶೋಧಕಿ. ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಂಡು ಬಂದು ಅಕ್ಷರಕ್ಕಿಳಿಸುವುದು ನನ್ನ ಕೆಲಸ. ಟರ್ಮಿನಲ್ ಪರಿಚಯ ಇದೆ, ಕೆಲಸ ನಡೆಯುವಷ್ಟು.

ಹೋಮ್ ಡೈರೆಕ್ಟರಿಯಲ್ಲಿ ಹಳೆಕೆಲಸ ಎಂಬ ಫೋಲ್ಡರ್ ಇದೆ. ಫೋಲ್ಡರಿನ ಗಾತ್ರ ಹೇಳುವ ಡಿಯು -ಎಸ್‌ಎಚ್ ಕೊಟ್ಟರೆ 341 ಜಿಬಿ ಎಂದು ತೋರಿಸುತ್ತದೆ. ಜಾಗವನ್ನೆಲ್ಲ ತಿಂದಿರುವುದು ಇದೇ ಅಂದುಕೊಂಡು ಅಳಿಸಲು ಕೂತೆ. ಒಳಗಿನ ಧ್ವನಿ ಎಂಬ ಫೋಲ್ಡರಿನಲ್ಲಿ ಆರು ವರ್ಷದ ಮುದ್ರಣಗಳಿವೆ, ಸುಮಾರು 330 ಗಂಟೆ. ಆದರೆ ಅವುಗಳ ಮೂಲ ಪ್ರತಿ ನಮ್ಮ ವಿಭಾಗದ ಸರ್ವರ್‌ನಲ್ಲಿದೆ, ಇದು ನನ್ನ ಲ್ಯಾಪ್‌ಟಾಪಿನ ನಕಲು ಮಾತ್ರ. ಅಳಿಸಿದರೆ ನಷ್ಟವಿಲ್ಲ.

ತೊಂದರೆ ಏನೆಂದರೆ ಫೋಲ್ಡರ್ ತೆಗೆಯುವ ಆಜ್ಞೆ ಆರ್‌ಎಂಡಿರ್ ಯಾವುದನ್ನೂ ಅಳಿಸುತ್ತಿಲ್ಲ. ಕರಡು ಎಂಬ ಫೋಲ್ಡರ್ ಫೈಲ್ ಮ್ಯಾನೇಜರಿನಲ್ಲಿ ಪೂರ್ತಿ ಖಾಲಿ ಕಾಣುತ್ತದೆ, ಆದರೂ "ಡೈರೆಕ್ಟರಿ ನಾಟ್ ಎಂಪ್ಟಿ" ಅನ್ನುತ್ತದೆ. ಧ್ವನಿ ಫೋಲ್ಡರಿಗೆ ಬೇರೆಯದೇ ಉತ್ತರ: "ಡಿವೈಸ್ ಆರ್ ರಿಸೋರ್ಸ್ ಬ್ಯುಸಿ". ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ನೋಡಿದೆ, ಅದೇ ಮಾತು.

ಸಹೋದ್ಯೋಗಿಯೊಬ್ಬರು ಸುಡೋ ಆರ್‌ಎಂ -ಆರ್‌ಎಫ್ (ಪೂರ್ಣ ಅಧಿಕಾರದಲ್ಲಿ, ಏನೂ ಕೇಳದೆ, ಒಳಗಿನದನ್ನೆಲ್ಲ ಅಳಿಸುವ ಆಜ್ಞೆ) ಕೊಡಿ, ಎಲ್ಲ ಹೋಗುತ್ತದೆ ಎಂದರು. ಟೈಪ್ ಮಾಡಿದೆ. ಎಂಟರ್ ಒತ್ತಲು ಕೈ ಬರಲಿಲ್ಲ, ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ವೇಗದೂತ

ಕರಡು ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಅಡಗಿದ ಫೈಲ್ ಇರಬೇಕು. ಎಲ್‌ಎಸ್ -ಎಲ್‌ಎ ಕೊಟ್ಟು ನೋಡಿ. ಯಾವಾಗಲಾದರೂ ಮ್ಯಾಕ್‌ನಿಂದ ನಕಲು ಮಾಡಿದ್ದರೆ ಡಾಟ್ ಡಿಎಸ್ ಅಂಡರ್‌ಸ್ಕೋರ್ ಸ್ಟೋರ್ ಅಂತ ಒಂದು ಉಳಿದಿರುತ್ತದೆ. ಮೂಲ ಸರ್ವರ್‌ನಲ್ಲಿ ಇದೆ ಎಂದರೆ ಯೋಚನೆ ಯಾಕೆ, ಆರ್‌ಎಂ -ಆರ್‌ಎಫ್ ಸಾಕು.

ರಾತ್ರಿಪಾಳಿ

ದಯವಿಟ್ಟು ಎಂಟರ್ ಒತ್ತಬೇಡಿ. ಆ ಸಾಲನ್ನು ಅಳಿಸಿ ಟರ್ಮಿನಲ್ ಮುಚ್ಚಿ, ಆಮೇಲೆ ಇದನ್ನು ಓದಿ.

ನಿಮ್ಮ ಡಿಸ್ಕ್ 256 ಜಿಬಿ. ಅದರೊಳಗಿನ ಒಂದು ಫೋಲ್ಡರ್ 341 ಜಿಬಿ. ಚೊಂಬಿನಲ್ಲಿ ಕೊಡದ ನೀರು ಹಿಡಿಯುವುದಿಲ್ಲ. ಧ್ವನಿ ಎಂಬುದು ನಿಮ್ಮ ಡಿಸ್ಕಿನಲ್ಲಿ ಇಲ್ಲವೇ ಇಲ್ಲ. ಬೇರೆ ಯಾವುದನ್ನೋ, ಬಹುಶಃ ಆ ಸರ್ವರ್ ಅನ್ನೇ, ಯಾರೋ ಆ ಹೆಸರಿನ ಮೇಲೆ ಮೌಂಟ್ ಮಾಡಿದ್ದಾರೆ, ಅಂದರೆ ಆ ಫೋಲ್ಡರಿನ ಜಾಗದಲ್ಲಿ ಕಾಣುವಂತೆ ಜೋಡಿಸಿದ್ದಾರೆ. ಹಾಗಿದ್ದರೆ ನೀವು ನಕಲು ಅಂದುಕೊಂಡಿರುವುದೇ ಮೂಲ. ಅಲ್ಲಿ ಅಳಿಸಿದ್ದು ಸರ್ವರ್‌ನಲ್ಲೇ ಅಳಿಯುತ್ತದೆ.

"ಬ್ಯುಸಿ" ಎಂಬ ಉತ್ತರ ಹೇಳುತ್ತಿರುವುದೂ ಅದನ್ನೇ. ಆರ್‌ಎಂಡಿರ್ ಎರಡು ಬಗೆಯಲ್ಲಿ ಬೇಡ ಅಂದಿದೆ, ಎರಡಕ್ಕೂ ಬೇರೆ ಬೇರೆ ಅರ್ಥ. ಡೈರೆಕ್ಟರಿ ಎಂದರೆ ಹೆಸರುಗಳ ಪಟ್ಟಿ, ಪ್ರತಿ ಹೆಸರಿನ ಮುಂದೆ ಅದು ಯಾವ ಫೈಲಿನದು ಎಂಬ ಸಂಖ್ಯೆ. ಪಟ್ಟಿಯಲ್ಲಿ ತನ್ನ ಹೆಸರು (ಒಂದು ಚುಕ್ಕಿ) ಮತ್ತು ಮೇಲಿನವರ ಹೆಸರು (ಎರಡು ಚುಕ್ಕಿ) ಬಿಟ್ಟು ಇನ್ನೇನಾದರೂ ಇದ್ದರೆ "ನಾಟ್ ಎಂಪ್ಟಿ" ಬರುತ್ತದೆ. ಪಟ್ಟಿಯನ್ನು ಹರಿದುಹಾಕಿದರೆ ಒಳಗಿನವು ದಿಕ್ಕಿಲ್ಲದೆ ಉಳಿಯುತ್ತವೆ, ಅದಕ್ಕೇ ನಿರಾಕರಣೆ. 1983ರ 4.2ಬಿಎಸ್‌ಡಿಯಲ್ಲಿ (ಯುನಿಕ್ಸ್‌ನ ಒಂದು ಆವೃತ್ತಿ) ಆರ್‌ಎಂಡಿರ್ ಕರ್ನಲ್‌ನ ಸಿಸ್ಟಂ ಕಾಲ್ ಆಯಿತು, ಅಂದರೆ ವ್ಯವಸ್ಥೆಯ ತಿರುಳೇ ಮಾಡುವ ಕೆಲಸ. ಅದಕ್ಕೂ ಮುಂಚೆ ರೂಟ್ (ಯಂತ್ರದ ಪೂರ್ಣ) ಅಧಿಕಾರದಲ್ಲಿ ಓಡುವ ಒಂದು ಪ್ರೋಗ್ರಾಂ ಆ ಚುಕ್ಕಿಗಳನ್ನು ಒಂದೊಂದಾಗಿ ಕಿತ್ತು ಡೈರೆಕ್ಟರಿ ತೆಗೆಯುತ್ತಿತ್ತು. "ಬ್ಯುಸಿ" ಮಾತ್ರ ಪಟ್ಟಿಯ ವಿಷಯ ಅಲ್ಲ. ಲಿನಕ್ಸ್‌ನಲ್ಲಿ ಆರ್‌ಎಂಡಿರ್‌ಗೆ ಅದು ಬಂದರೆ ನಾನು ಮೊದಲು ಸಂಶಯಪಡುವುದು ಮೌಂಟ್ ಬಗ್ಗೆ.

ಆರ್‌ಎಂ -ಆರ್ ಹೀಗೆ ಕೇಳುವುದಿಲ್ಲ. ಮೌಂಟ್ ಆದ ಜಾಗ ಸಿಕ್ಕರೆ ಮಾಮೂಲಿ ಫೋಲ್ಡರಿನಂತೆ ಒಳಗೆ ಇಳಿಯುತ್ತದೆ, ಒಳಗಿನದನ್ನೆಲ್ಲ ಅಳಿಸುತ್ತದೆ, ಎಲ್ಲ ಮುಗಿದ ಮೇಲೆ ಹೊರಗಿನ ಖಾಲಿ ಫೋಲ್ಡರಿಗೆ ಮಾತ್ರ "ಬ್ಯುಸಿ" ಎಂದು ಹೇಳುತ್ತದೆ. ಆ ಹೊತ್ತಿಗೆ ಎಚ್ಚರಿಕೆಯಿಂದ ಉಪಯೋಗವಿಲ್ಲ.

ಸುಡೋ ಬಗ್ಗೆ ಒಂದು ಮಾತು. ಎನ್‌ಎಫ್‌ಎಸ್ (ಜಾಲದ ಮೂಲಕ ಫೈಲ್ ಹಂಚುವ ಪದ್ಧತಿ) ಸರ್ವರ್‌ಗಳು ಸಾಮಾನ್ಯವಾಗಿ ಹೊರಗಿನ ಯಂತ್ರದ ರೂಟ್ ಅನ್ನು ನಂಬುವುದಿಲ್ಲ, ಹಾಗಾಗಿ ಸುಡೋ ಹಾಕಿದ ಆಜ್ಞೆಗೆ ಅಲ್ಲಿ ಅನುಮತಿ ಸಿಗದೆಯೂ ಇರಬಹುದು. ಆದರೆ ಆ ಫೈಲುಗಳು ನಿಮ್ಮ ಹೆಸರಿನಲ್ಲೇ ಇವೆಯಲ್ಲ, ಸುಡೋ ಇಲ್ಲದ ಆರ್‌ಎಂ -ಆರ್‌ಎಫ್ ಸದ್ದಿಲ್ಲದೆ ಕೆಲಸ ಮುಗಿಸಿರುತ್ತಿತ್ತು. ಸುಡೋ ತೆಗೆದರೆ ಅಪಾಯ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಎಂಟು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಪರೀಕ್ಷಾ ಡೈರೆಕ್ಟರಿ ಕಟ್ಟಿದ್ದೆ. ಅದರೊಳಗಿಂದ ಫೈಲುಗಳು ಸಿಗಲಿ ಎಂದು ಎಲ್ಲರ ಹೋಮ್ ಅನ್ನು ಬೈಂಡ್ ಮೌಂಟ್ (ಒಂದು ಫೋಲ್ಡರನ್ನು ಇನ್ನೊಂದು ಜಾಗದಲ್ಲೂ ಕಾಣಿಸುವುದು) ಮಾಡಿದ್ದವನೂ ನಾನೇ. ನಾಲ್ಕು ತಿಂಗಳಾದ ಮೇಲೆ, ರಾತ್ರಿ 11.40ಕ್ಕೆ, ಪರೀಕ್ಷೆ ಮುಗಿದಿದೆ ಎಂದು ಆ ಡೈರೆಕ್ಟರಿಗೆ ಆರ್‌ಎಂ -ಆರ್‌ಎಫ್ ಕೊಟ್ಟೆ. ಹತ್ತು ಸೆಕೆಂಡಿನ ಕೆಲಸ. ಒಂದು ನಿಮಿಷವಾದರೂ ಕರ್ಸರ್ ಹಿಂತಿರುಗಲಿಲ್ಲ. ಕಂಟ್ರೋಲ್-ಸಿ ಒತ್ತುವಷ್ಟರಲ್ಲಿ 14 ಜನರಲ್ಲಿ 9 ಜನರ ಹೋಮ್ ಖಾಲಿಯಾಗಿತ್ತು. ಬ್ಯಾಕಪ್ ಇದ್ದದ್ದು ಭಾನುವಾರದ್ದು, ಅಂದು ಗುರುವಾರ. ಮಾರನೇ ಬೆಳಿಗ್ಗೆ ಒಂಬತ್ತು ಜನರ ಮೇಜಿಗೆ ಹೋಗಿ ನಾನೇ ಹೇಳಿದೆ. ಒಬ್ಬಾಕೆ ಪ್ರಬಂಧದ ಒಂದು ಅಧ್ಯಾಯ ಕಳೆದುಕೊಂಡಿದ್ದಳು. ಏನೂ ಅನ್ನಲಿಲ್ಲ, ಪರದೆ ನೋಡುತ್ತ ಕೂತಳು. ಅದು ಇನ್ನೂ ಕಣ್ಣ ಮುಂದಿದೆ.

ಈಗ ನಿಮ್ಮ ಕೆಲಸ. ಈ ನಾಲ್ಕು ಸಾಲಿನಲ್ಲಿ ಯಾವುದೂ ಏನನ್ನೂ ಅಳಿಸುವುದಿಲ್ಲ, ನೋಡುವುದಷ್ಟೇ. ಕೊಟ್ಟು, ಬಂದದ್ದನ್ನು ಇಲ್ಲಿ ಹಾಕಿ. ಓದುವ ಅನುಕೂಲಕ್ಕೆ ಉಚ್ಚಾರದಂತೆ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಸಣ್ಣ ಇಂಗ್ಲಿಷ್ ಅಕ್ಷರಗಳು, ಮೊದಲ ಸಾಲಿನ -ಟಿ ಮಾತ್ರ ದೊಡ್ಡದು.

ಫೈಂಡ್‌ಎಂಎನ್‌ಟಿ -ಟಿ ಹಳೆಕೆಲಸ/ಧ್ವನಿ
ಡಿಯು -ಎಸ್‌ಎಚ್‌ಎಕ್ಸ್ ಹಳೆಕೆಲಸ
ಡಿಎಫ್ -ಎಚ್ /
ಸುಡೋ ಡಿಯು -ಎಸ್‌ಎಚ್‌ಎಕ್ಸ್ /

ಎಕ್ಸ್ ಎಂದರೆ ಬೇರೆ ಫೈಲ್‌ಸಿಸ್ಟಂ (ಬೇರೆ ಡಿಸ್ಕ್, ಮೌಂಟ್ ಆದ ಸರ್ವರ್ ಇಂಥವು) ಒಳಗೆ ಕಾಲಿಡಬೇಡ ಎಂದು.

ಧ್ವನಿಸಂಗ್ರಹ

ಕೈ ನಡುಗುತ್ತಿದೆ. ಫೈಂಡ್‌ಎಂಎನ್‌ಟಿ ಒಂದು ಸಾಲು ಕೊಟ್ಟಿತು, ಅದರಲ್ಲಿ ನಮ್ಮ ಸರ್ವರ್‌ನ ಹೆಸರೇ ಇದೆ, ಬಗೆ ಎನ್‌ಎಫ್‌ಎಸ್4. ಎರಡು ವರ್ಷದ ಹಿಂದೆ ವಿಭಾಗದ ತಂತ್ರಜ್ಞರೊಬ್ಬರು ಲ್ಯಾಪ್‌ಟಾಪ್ ತೆಗೆದುಕೊಂಡು "ಇನ್ನು ಮುಂದೆ ಫೈಲುಗಳು ತಾನಾಗಿ ಬರುತ್ತವೆ" ಎಂದು ಕೊಟ್ಟಿದ್ದರು. ತಾನಾಗಿ ನಕಲಾಗುತ್ತವೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಅವರು ಈಗ ಇಲ್ಲಿಲ್ಲ.

ಎಕ್ಸ್ ಹಾಕಿದರೆ ಹಳೆಕೆಲಸ 22 ಜಿಬಿ ಮಾತ್ರ. ಡಿಎಫ್ ಪ್ರಕಾರ ಇಡೀ ಡಿಸ್ಕಿನಲ್ಲಿ ಬಳಕೆಯಾದದ್ದು 229. ಫೈಲುಗಳನ್ನು ಕೂಡಿದ ಕೊನೆಯ ಸಾಲು 141 ಅನ್ನುತ್ತದೆ. ಈ ಎರಡು ಯಾಕೆ ಹೊಂದುತ್ತಿಲ್ಲ?

ರಾತ್ರಿಪಾಳಿ

ನಾನು ಕಾಯುತ್ತಿದ್ದದ್ದು ಆ ವ್ಯತ್ಯಾಸಕ್ಕೇ. 229ರಲ್ಲಿ 141 ಕಳೆದರೆ 88 ಜಿಬಿ. ಡಿಸ್ಕಿನಲ್ಲಿ ಇದೆ, ಆದರೆ ಯಾವ ದಾರಿಯಿಂದಲೂ ತಲುಪಲಾಗುತ್ತಿಲ್ಲ. ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿದ್ದರೂ ಹೀಗಾಗುತ್ತದೆ, ಆದರೆ ನೀವು ರೀಸ್ಟಾರ್ಟ್ ಮಾಡಿದ್ದೀರಿ, ಅದಲ್ಲ. ಒಂದು ಫೋಲ್ಡರಿನ ಮೇಲೆ ಮೌಂಟ್ ಮಾಡಿದಾಗ ಅದರಲ್ಲಿ ಮೊದಲೇ ಇದ್ದ ಫೈಲುಗಳು ಅಳಿಯುವುದಿಲ್ಲ, ಅಡಿಯಲ್ಲಿ ಮುಚ್ಚಿಹೋಗುತ್ತವೆ. ಧ್ವನಿ ಫೋಲ್ಡರಿನ ಅಡಿಯಲ್ಲಿ ನಿಮ್ಮ ಎರಡು ವರ್ಷದ ಹಿಂದಿನ ನಿಜವಾದ ನಕಲು ಇರಬೇಕು.

ಹೀಗೆ ಮಾಡಿ. ಫೈಲ್ ಮ್ಯಾನೇಜರ್ ಮುಚ್ಚಿ ಧ್ವನಿ ಫೋಲ್ಡರಿನ ಮೌಂಟ್ ಬಿಡಿಸಲು ಸುಡೋ ಯುಮೌಂಟ್ ಹಳೆಕೆಲಸ/ಧ್ವನಿ ಕೊಡಿ (ಯು ಆದ ಮೇಲೆ ಎನ್ ಇಲ್ಲ, ನೇರ ಮೌಂಟ್). ಇಟಿಸಿಯೊಳಗಿನ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಯಾವುದು ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿ) ಸರ್ವರ್‌ನ ಸಾಲು ಹುಡುಕಿ, ಮೌಂಟ್ ಆಗುವ ಜಾಗವನ್ನು ಹೊಸದೊಂದು ಖಾಲಿ ಡೈರೆಕ್ಟರಿಗೆ ಬದಲಿಸಿ. ಹೆಸರನ್ನು ಸರ್ವರ್-ಮೂಲ ಎಂದೇ ಇಡಿ, ಮತ್ತೆ ಗೊಂದಲವಾಗದ ಹಾಗೆ. ಮೌಂಟ್ ಮಾಡಿದ ಮೇಲೆ ಅಡಿಯಿಂದ ಹೊರಬಂದ ಫೈಲುಗಳನ್ನು ಸರ್ವರ್‌ನವುಗಳ ಜೊತೆ ಡಿಫ್ -ಆರ್‌ಕ್ಯೂ ಇಂದ ಹೋಲಿಸಿ. ಸರ್ವರ್‌ನಲ್ಲಿ ಹೆಚ್ಚು ಇರುವುದು ಸಹಜ. "ಒನ್ಲಿ ಇನ್" ಎಂದು ಲ್ಯಾಪ್‌ಟಾಪ್ ಕಡೆಯ ಹೆಸರಿನ ಜೊತೆ ಬರುವ ಸಾಲುಗಳನ್ನೂ "ಡಿಫರ್" ಎನ್ನುವ ಸಾಲುಗಳನ್ನೂ ಒಂದೂ ಬಿಡದೆ ನೋಡಿ.

ಹೋಲಿಕೆ ಸರಿಬಂದ ಮೇಲಷ್ಟೇ ಆರ್‌ಎಂ -ಆರ್ ಜೊತೆಗೆ ದೊಡ್ಡ ಐ. ದೊಡ್ಡ ಐ ಒಮ್ಮೆ ಮಾತ್ರ ಕೇಳುತ್ತದೆ, ಸಣ್ಣ ಐ ಪ್ರತಿ ಫೈಲಿಗೂ ಕೇಳುತ್ತದೆ. ಎಫ್ ಬೇಡ. ಒನ್-ಫೈಲ್-ಸಿಸ್ಟಂ ಎಂಬ ಆಯ್ಕೆ ಸೇರಿಸಿದರೆ ಬೇರೆ ಫೈಲ್‌ಸಿಸ್ಟಂ ಒಳಗೆ ಇಳಿಯುವುದಿಲ್ಲ. ಅದೇ ಫೈಲ್‌ಸಿಸ್ಟಂನ ಬೈಂಡ್ ಮೌಂಟ್ ಆದರೆ ಅದಕ್ಕೂ ಗೊತ್ತಾಗದು. ಅಂದು ಅದನ್ನು ಹಾಕಿದ್ದರೂ ನನ್ನನ್ನು ಕಾಪಾಡುತ್ತಿರಲಿಲ್ಲ.

ಎರಡೂ ಕಡೆ

ವಿಂಡೋಸ್‌ನವರು ಓದುತ್ತಿದ್ದರೆ: ಅಲ್ಲಿಯೂ ಆರ್‌ಡಿ ಖಾಲಿ ಡೈರೆಕ್ಟರಿಯನ್ನು ಮಾತ್ರ ತೆಗೆಯುತ್ತದೆ, ಸ್ಲ್ಯಾಶ್ ಎಸ್ ಹಾಕಿದರೆ ಒಳಗಿನದೆಲ್ಲ, ಸ್ಲ್ಯಾಶ್ ಕ್ಯೂ ಹಾಕಿದರೆ ಕೇಳದೆ. ಪವರ್‌ಶೆಲ್‌ನಲ್ಲಿ (ವಿಂಡೋಸ್‌ನಲ್ಲಿ ಆಜ್ಞೆ ಕೊಡುವ ಇನ್ನೊಂದು ಜಾಗ) ಆರ್‌ಡಿ ಎಂಬುದು ರಿಮೂವ್-ಐಟಂಗೆ ಇನ್ನೊಂದು ಹೆಸರು, ಹಾಗಾಗಿ ಆ ಸ್ಲ್ಯಾಶ್‌ಗಳು ನಡೆಯುವುದಿಲ್ಲ, -ರಿಕರ್ಸ್ ಬೇಕು. ಎರಡರಲ್ಲೂ ಹೋದದ್ದು ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ.

ಮೇಲೆ "ಮೂಲ ಇದೆ, ಯೋಚನೆ ಯಾಕೆ" ಎಂದವರಿಗೆ: 2017ರ ಜನವರಿ 31ರಂದು ಪ್ರೋಗ್ರಾಂ ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ನಡೆದದ್ದು ಇದೇ ಬಗೆಯ ತಪ್ಪು. ನಕಲಿನ ಸರ್ವರ್ ಎಂದುಕೊಂಡು ಮೂಲ ಸರ್ವರ್‌ನ ಡೇಟಾಬೇಸ್ ಡೈರೆಕ್ಟರಿಯನ್ನು ಅಳಿಸಿದರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗಳು ಕೈಕೊಟ್ಟವು. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ಇದ್ದದ್ದರಿಂದ ಉಳಿದರು. ಅನುಭವಸ್ಥರಿಗೇ ಹೀಗಾಗುತ್ತದೆ.

ವೇಗದೂತ

ಒಪ್ಪಿದೆ. 341 ಎಂಬ ಅಂಕಿಯನ್ನು ನಾನು ಓದಲೇ ಇಲ್ಲ. ನನ್ನ ಸಲಹೆ ತಪ್ಪು, ಕ್ಷಮಿಸಿ.

ಧ್ವನಿಸಂಗ್ರಹ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ಯುಮೌಂಟ್ ಮಾಡಿದ ಕೂಡಲೇ ಧ್ವನಿ ಫೋಲ್ಡರ್ ಬೇರೆಯದೇ ಆಯಿತು. ನನ್ನ ಹಳೆಯ ಪದ್ಧತಿಯ ಫೈಲ್ ಹೆಸರುಗಳು, ನಾನೇ ಮರೆತಿದ್ದವು. 88 ಜಿಬಿ, ಲೆಕ್ಕ ಹಾಕಿದರೆ 91 ಗಂಟೆಯ ಮುದ್ರಣ. ಸರ್ವರ್ ಅನ್ನು ಹೊಸ ಜಾಗಕ್ಕೆ ಮೌಂಟ್ ಮಾಡಿ ಡಿಫ್ ಕೊಟ್ಟೆ. ವೈಫೈ ಮೇಲೆ ಐದು ಗಂಟೆ ಹಿಡಿಯಿತು.

"ಡಿಫರ್" ಒಂದೂ ಇಲ್ಲ. ಲ್ಯಾಪ್‌ಟಾಪ್ ಕಡೆಯಲ್ಲಿ ಮಾತ್ರ ಇರುವ ಫೈಲು ಏಳು.

ತಾರೀಕು ನೋಡಿದೆ. ತಂತ್ರಜ್ಞರು ಲ್ಯಾಪ್‌ಟಾಪ್ ತೆಗೆದುಕೊಂಡ ವಾರದವು. ಸರ್ವರ್‌ಗೆ ಏರಿಸುವ ಮುನ್ನವೇ ಮೌಂಟ್ ಅವುಗಳ ಮೇಲೆ ಮುಚ್ಚಿಕೊಂಡಿದೆ. ಆ ಮುದ್ರಣ ಕಾಣದೆ ಹೋದಾಗ ರೆಕಾರ್ಡರ್ ಕೈಕೊಟ್ಟಿತೆಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ, ಆ ಪುಟ ಈಗ ಮುಂದಿದೆ. ಏಳು ಫೈಲು, ಐದು ಗಂಟೆ ಚಿಲ್ಲರೆ, ಮೂವರು ಮಾತಾಡಿದ್ದಾರೆ. ಅವರಲ್ಲಿ ಇಬ್ಬರು ಈಗಿಲ್ಲ. ಒಬ್ಬರ ಮೊದಲ ಹತ್ತು ನಿಮಿಷ ಕೇಳಿದೆ, ಮುಂದೆ ಕೇಳಲಾಗಲಿಲ್ಲ, ನಾಳೆ ಕೇಳುತ್ತೇನೆ.

ಏಳನ್ನೂ ಸರ್ವರ್‌ಗೆ ಏರಿಸಿದೆ, ಒಂದು ಹೊರ ಡಿಸ್ಕಿಗೂ ಹಾಕಿದೆ, ಮತ್ತೆ ಹೋಲಿಸಿದೆ. ಆಮೇಲೆ ಧ್ವನಿ ಫೋಲ್ಡರಿನ ಒಳಗಿನದನ್ನು ದೊಡ್ಡ ಐ ಜೊತೆ ಅಳಿಸಿದೆ. ಕೇಳಿತು, ಹೌದು ಎಂದೆ. ಕರಡು ಫೋಲ್ಡರಿನಲ್ಲಿ ವೇಗದೂತರು ಹೇಳಿದ ಅದೇ ಮ್ಯಾಕ್ ಫೈಲ್ ಇತ್ತು, ತೆಗೆದೆ. ಎರಡೂ ಫೋಲ್ಡರಿಗೆ ಕೊನೆಗೆ ಆರ್‌ಎಂಡಿರ್ ಕೊಟ್ಟೆ. ಈ ಸಲ ಏನೂ ಹೇಳಲಿಲ್ಲ, ಕರ್ಸರ್ ಮುಂದಿನ ಸಾಲಿಗೆ ಬಂತು.